ಕಿಲ್ಲಿ ಮರಿಗಳಿಗೆ ಜೀವಂತ ಆಹಾರವೇ ಬೇಕು

ಲೇಖನ ಚೆನ್ನಾಗಿದೆ ಸರ್. ಆದರೆ ಗೋಲ್ಡನ್ ವಂಡರ್ ಕಿಲ್ಲಿ ಎಂಬ ಅಕ್ವೇರಿಯಂ ಮೀನಿನ ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಸಾಕು ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಹಳದಿ ತಳ ಸೇರಿ ಕೊಳೆತು ನೀರು ಕೆಡುತ್ತದೆ. ಈ ಮರಿಗಳೋ ಮೇಲ್ಪದರದಲ್ಲೇ ಇದ್ದು, ಕಣ್ಣೆದುರು ಅಲುಗಾಡಿದ್ದನ್ನು ಹಿಡಿಯುವಂಥವು. (ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಅಪ್ಲೋಕೈಲಸ್ ಲೈನಿಯೇಟಸ್ ಮೀನಿನದೇ ಬಣ್ಣದ ತಳಿ ಇದು, ಸ್ವಭಾವವೂ ಅದೇ.) ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಕೊಟ್ಟು ನೋಡಿ, ಸ್ವಲ್ಪ ಹೊತ್ತಿಗೆಲ್ಲ ಮರಿಗಳ ಪಾರದರ್ಶಕ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಉಬ್ಬಿರುತ್ತದೆ. ಆರ್ಟೀಮಿಯಾ ಇರುವ ಉಪ್ಪುನೀರನ್ನು ಸೋಸಿ ತೆಗೆದೇ ಅವನ್ನು ಹಾಕಿ, ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ. ಇನ್ನೊಂದು ಮುಖ್ಯ ವಿಷಯ ಬಿಟ್ಟುಹೋಗಿದೆ: ದೊಡ್ಡ ಮರಿ ಚಿಕ್ಕದನ್ನು ನುಂಗಿಬಿಡುತ್ತದೆ, ಆಗಾಗ ಗಾತ್ರ ನೋಡಿ ಬೇರೆ ಮಾಡಲೇಬೇಕು. ಸ್ಪಂಜ್ ಫಿಲ್ಟರ್ ನಿಧಾನಕ್ಕೆ ಓಡಲಿ.