ಹಂಸಾ ಮೆಹ್ತಾ ತಿದ್ದಿದ ಆ ಒಂದು ಪದ

ನಿನ್ನೆ ರಾತ್ರಿ ಒಂಬತ್ತನೇ ಕ್ಲಾಸಿನ ಪೇಪರ್ ತಿದ್ದುತ್ತಾ ಕೂತಿದ್ದೆ. ಹಕ್ಕುಗಳ ಬಗ್ಗೆ ಪ್ರಶ್ನೆ. ಒಬ್ಬಳು ಹುಡುಗಿ ಬರೆದಿದ್ದಳು: 'ಪ್ರತಿಯೊಬ್ಬನಿಗೂ ಓದುವ ಹಕ್ಕಿದೆ.' ಉತ್ತರ ಸರಿ ಇತ್ತು, ಪೂರ್ತಿ ಮಾರ್ಕ್ಸ್ ಕೊಟ್ಟೆ. ಆದರೂ ಕೆಂಪು ಪೆನ್ನು ಮುಂದೆ ಹೋಗಲಿಲ್ಲ. ಹಕ್ಕಿನ ಬಗ್ಗೆ ಬರೆಯುವಾಗ ಆ ಹುಡುಗಿ ತನ್ನನ್ನೇ ಬಿಟ್ಟು ಬರೆದಿದ್ದಳು. 'ಒಬ್ಬನಿಗೂ' ಹೊಡೆದು ಮೇಲೆ 'ಒಬ್ಬರಿಗೂ' ಅಂತ ಬರೆದೆ.

ಹೀಗೆ ತಿದ್ದುವಾಗಲೆಲ್ಲ ನನಗೆ ಹಂಸಾ ಮೆಹ್ತಾ ನೆನಪಾಗುತ್ತಾರೆ.

ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ತಯಾರಾಗುತ್ತಿದ್ದ ಕಾಲ ಅದು. ಅದನ್ನು ಬರೆಯುತ್ತಿದ್ದ ಆಯೋಗಕ್ಕೆ ಅಮೆರಿಕದ ಎಲಿನಾರ್ ರೂಸ್‌ವೆಲ್ಟ್ ಅಧ್ಯಕ್ಷೆ. ಭಾರತದ ಪರವಾಗಿ ಹೋಗಿದ್ದವರು ಹಂಸಾ ಮೆಹ್ತಾ. ಮೊದಲ ಕಲಮಿನಲ್ಲಿ 'ಆಲ್ ಮೆನ್' ಎಂದಿತ್ತು. ಮೆನ್ ಅಂದರೆ ಹೆಂಗಸರೂ ಸೇರಿದಂತೆಯೇ ಎಂಬುದು ರೂಸ್‌ವೆಲ್ಟ್ ಅವರ ಅಭಿಪ್ರಾಯ. ಹಂಸಾ ಒಪ್ಪಲಿಲ್ಲ. ಇದೇ ಪದ ಹಿಡಿದು ಹೆಂಗಸರನ್ನು ಹೊರಗಿಡುವ ದೇಶಗಳೂ ಇರುತ್ತವೆ ಎಂದು ಹಟ ಹಿಡಿದರು. ಕೊನೆಗೆ ಅದು 'ಆಲ್ ಹ್ಯೂಮನ್ ಬೀಯಿಂಗ್ಸ್' ಆಯಿತು. 1948ರ ಡಿಸೆಂಬರ್ 10ರಂದು ಒಪ್ಪಿಗೆಯಾದ ಘೋಷಣೆಯಲ್ಲಿ ಇರುವುದು ಅದೇ. ಕನ್ನಡದಲ್ಲಿ ನಾವು 'ಎಲ್ಲಾ ಮಾನವರೂ' ಎಂದು ಓದುವ ಆ ಸಾಲಿನ ಹಿಂದೆ ನಮ್ಮ ಮುಂಬೈಯ ಒಬ್ಬ ಹೆಂಗಸು ಇದ್ದಾರೆ.

ಹುಟ್ಟಿದ್ದು 1897ರಲ್ಲಿ, ಸೂರತ್‌ನಲ್ಲಿ. ತಂದೆ ಬರೋಡಾದ ದಿವಾನರು. ಜೀವರಾಜ ಮೆಹ್ತಾ ಅವರನ್ನು ಮದುವೆಯಾದಾಗ ಬೇರೆ ಜಾತಿ ಎಂದು ಅವರ ಸ್ವಂತ ಜನವೇ ಬಹಿಷ್ಕಾರ ಹಾಕಿತು. ಆಮೇಲೆ ಬಾಂಬೆ. ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ನಿಂತು ಗಿರಾಕಿಗಳನ್ನು ತಡೆದರು, ಜೈಲಿಗೂ ಹೋದರು. 1946ರಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆದರು. ಚರ್ಚ್‌ಗೇಟಿನಲ್ಲಿ ಇಳಿದು ಮರೀನ್ ಲೈನ್ಸ್ ಕಡೆ ನಡೆದರೆ ಸಿಗುತ್ತದಲ್ಲ, ಅದೇ. ಸಮಾಜ ಸುಧಾರಕ ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು. ನಾನೂ ಅಲ್ಲೇ ಓದಿದ್ದು. ಡೊಂಬಿವಲಿಯಿಂದ ಲೋಕಲ್ ಹಿಡಿದು, ಡಬ್ಬಿ ಕಟ್ಟಿಕೊಂಡು ಬರುತ್ತಿದ್ದ ನಮ್ಮಂಥ ಹೋಟೆಲ್ ಕಾರ್ಮಿಕರ ಹೆಣ್ಣುಮಕ್ಕಳಿಗೆ ಆ ಗೇಟು ಎಂಥ ದೊಡ್ಡ ಬಾಗಿಲು ಅಂತ ಒಳಗೆ ಹೋದವರಿಗೇ ಗೊತ್ತು.

ವೈಸ್ ಚಾನ್ಸಲರ್ ಆದ 1946ರಲ್ಲೇ ಹಂಸಾ ಸಂವಿಧಾನ ಸಭೆಯಲ್ಲೂ ಕೂತರು. ನಾವು ವಿಶೇಷ ಸವಲತ್ತು ಕೇಳಿದವರಲ್ಲ, ಕೇಳಿದ್ದು ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಎಂದರು. 1947ರ ಆಗಸ್ಟ್ 14ರ ಮಧ್ಯರಾತ್ರಿ ದೇಶದ ಹೆಣ್ಣುಮಕ್ಕಳ ಪರವಾಗಿ ರಾಜೇಂದ್ರ ಪ್ರಸಾದರ ಕೈಗೆ ರಾಷ್ಟ್ರಧ್ವಜ ಕೊಟ್ಟವರೂ ಇವರೇ.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಜೊತೆ ಇಲ್ಲ. 1937ರಲ್ಲಿ ಬಾಂಬೆ ಶಾಸನ ಸಭೆಗೆ ನಿಂತಾಗ ಮೀಸಲು ಸೀಟು ಬೇಡ ಅಂದರು, ಗೆದ್ದೂ ಬಂದರು. ಅವರಿಗೆ ಅದು ಆಯಿತು. ದಿವಾನರ ಮನೆ, ಲಂಡನ್ನಿನ ಓದು, ಜೊತೆಗೆ ನಿಂತ ಗಂಡ. ಮೂರು ಮನೆಯ ಪಾತ್ರೆ ತೊಳೆದು ಬಂದು ಸಂಜೆ ಪಾರ್ಟಿ ಮೀಟಿಂಗಿಗೆ ಹೋಗುವ ಹೆಂಗಸಿಗೆ ಯಾರು ಟಿಕೆಟ್ ಕೊಡುತ್ತಾರೆ? ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಈಗ ಅರ್ಧ ಸೀಟು ಹೆಂಗಸರದ್ದು. ಮೀಸಲಾತಿ ಇಲ್ಲದಿದ್ದರೆ ಅವರಲ್ಲಿ ಎಷ್ಟು ಜನ ಒಳಗೆ ಬರುತ್ತಿದ್ದರು? ಹಂಸಾ ಅವರ ಮೇಲೆ ಎಷ್ಟೇ ಗೌರವ ಇದ್ದರೂ ಇದನ್ನು ಹೇಳಲೇಬೇಕು.

ನನ್ನ ಬದುಕಿಗೆ ಹತ್ತಿರವಾದ ಅವರ ಕೆಲಸ ಬೇರೆಯೇ ಇದೆ. ಬರೋಡಾ ವಿಶ್ವವಿದ್ಯಾಲಯವನ್ನು 1949ರಿಂದ 1958ರವರೆಗೆ ಕಟ್ಟಿ ಬೆಳೆಸಿದ ಮೇಲೆ, 1961ರಲ್ಲಿ ಒಂದು ಸಮಿತಿಗೆ ಅಧ್ಯಕ್ಷರಾದರು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಪಾಠ ಬೇಕೇ ಎನ್ನುವುದು ಪ್ರಶ್ನೆ. ಬೇಡ ಎಂದಿತು ಸಮಿತಿ.

ಅದಾಗಿ ಇಪ್ಪತ್ತು ವರ್ಷದ ಮೇಲೆ ನಾನು ಓದಿದ ಕನ್ನಡ ಶಾಲೆಯಲ್ಲಿ ಶನಿವಾರ ಕಾರ್ಯಾನುಭವದ ಪೀರಿಯಡ್. ಹುಡುಗರಿಗೆ ಬಲ್ಬ್ ಹೋಲ್ಡರ್ ಜೋಡಿಸುವುದು, ಫ್ಯೂಸ್ ಕಟ್ಟುವುದು. ನಮಗೆ ಕ್ರೋಶಾ ತೋರಣ. ನಾನು ಕಿಟಕಿಯಿಂದ ಹುಡುಗರ ಮೇಜು ನೋಡುತ್ತಿದ್ದೆ. ಒಂದು ಮಳೆಗಾಲ ಚಾಳಿನ ನಮ್ಮ ಖೋಲಿಯಲ್ಲಿ ಫ್ಯೂಸ್ ಹೋಯಿತು. ಅಪ್ಪ ಹೋಟೆಲಿನಲ್ಲಿ. ನನಗಿಂತ ಎರಡು ವರ್ಷ ಚಿಕ್ಕ ತಮ್ಮ ಸ್ಟೂಲ್ ಹತ್ತಿ ತಂತಿ ಕಟ್ಟಿದ. ನಾನು ಕೆಳಗೆ ಮೇಣದ ಬತ್ತಿ ಹಿಡಿದು ನಿಂತೆ. ಮೇಣ ಕೈ ಮೇಲೆ ಬೀಳುತ್ತಿತ್ತು. ಲೈಟು ಬಂತು, ಅಮ್ಮ ಅವನ ತಲೆ ಸವರಿದಳು. ಅವತ್ತು ನನಗೆ ಆದ ಸಂಕಟ ಇನ್ನೂ ಮರೆತಿಲ್ಲ.

ಈಗ ನನ್ನ ಕ್ಲಾಸಿನಲ್ಲಿ ಮಕ್ಕಳು ಜಾಸ್ತಿ ಇಲ್ಲ. ಬಹುತೇಕ ಕಲಬುರಗಿ, ವಿಜಯಪುರ ಕಡೆಯವರು. ಅಪ್ಪ ಅಮ್ಮ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಫ್ಯೂಸ್ ವಯರೂ ಸೂಜಿ ದಾರವೂ ಒಂದೇ ಮೇಜಿನ ಮೇಲೆ ಇಡುತ್ತೇನೆ. ಎಲ್ಲರೂ ಎರಡನ್ನೂ ಕಲಿಯಬೇಕು. ಹೋದ ತಿಂಗಳು ಒಬ್ಬ ತಾಯಿ ಬಂದಿದ್ದರು. "ಟೀಚರ್, ಗಂಡುಮಗನ ಕೈಯಾಗ ಸೂಜಿ ಯಾಕ ಕೊಟ್ಟೀರಿ?" ಅಂತ ಕೇಳಿದರು. ಸಿಟ್ಟಿರಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದು. ನಾನು ಉತ್ತರ ಹುಡುಕುವಷ್ಟರಲ್ಲಿ ಆ ಹುಡುಗ ತನ್ನ ಅಂಗಿ ಎತ್ತಿ ತೋರಿಸಿದ. ಮೂರನೇ ಗುಂಡಿ ಬೇರೆ ಬಣ್ಣದ್ದು. "ನಾನಾ ಹಚ್ಚೀನವ್ವಾ" ಅಂದ. ಆಕೆ ಆ ಗುಂಡಿಯನ್ನು ಎರಡು ಸಲ ಎಳೆದು ನೋಡಿದರು. ಗಟ್ಟಿಯಾಗಿತ್ತು.