ಮನೆಯೇ ಹಿಂದೆ ಬರುತ್ತೆ ಅಂದರು

ಅತ್ತೆ ಮಾವ ಊರಿಂದ ಅಮೆರಿಕದ ಫೀನಿಕ್ಸ್‌ಗೆ ಬಂದ ಮೇಲೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸದೆ ಕಳಿಸೋದಕ್ಕಾಗುತ್ತಾ? ಆದರೆ ಹೋಟೆಲ್ ಅಂದರೆ ಅತ್ತೆಗೆ ಊಟದ ಚಿಂತೆ. ಟೆಂಟ್ ಅಂದರೆ ಮಾವನಿಗೆ ಮಂಡಿ ನೋವು. ನಮ್ಮೆಜಮಾನರು ಬಾಡಿಗೆಗೆ ಒಂದು ಟ್ರೈಲರ್ ಹಿಡಿದರು. "ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲಾ ಇದೆ ಕಣಮ್ಮಾ. ಮನೆಯೇ ನಮ್ಮ ಹಿಂದೆ ಬರುತ್ತೆ."

ಮನೆ ಹಿಂದೆ ಬಂದರೆ ಮನೆಗೆಲಸವೂ ಹಿಂದೆಯೇ ಬರುತ್ತೆ ಅಂತ ನಾನು ಹೇಳಿದೆ. ಕೇಳೋರು ಯಾರು?

ಬೆಳಿಗ್ಗೆ ಐದಕ್ಕೇ ಹೊರಡಬೇಕಿತ್ತು. ಜೂನ್ ತಿಂಗಳಲ್ಲಿ ಫೀನಿಕ್ಸ್ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಟ್ರಕ್ಕಿಗೆ ಟ್ರೈಲರ್ ಸಿಕ್ಕಿಸಿ, ಸರಪಳಿ ಹಾಕಿ, ಹಿಂದಿನ ದೀಪ ಉರಿಯುತ್ತಾ ನೋಡುವಷ್ಟರಲ್ಲಿ ಆರಾಯಿತು. ಆಮೇಲೆ ಅತ್ತೆ ನಿಂಬೆಹಣ್ಣು ತಂದರು. ಟ್ರಕ್ಕಿನ ನಾಲ್ಕು ಚಕ್ರಕ್ಕೆ ಇಟ್ಟಾಯಿತು. "ಟ್ರೈಲರ್‌ಗೆ?" ಅಂದರು. ಅದಕ್ಕೂ ನಾಲ್ಕು ಚಕ್ರ. ಮನೆಯಲ್ಲಿ ಅಷ್ಟು ನಿಂಬೆಹಣ್ಣಿಲ್ಲ. ಕೊನೆಗೆ ಎರಡು ಆರೆಂಜ್, ಎರಡು ಆಲೂಗಡ್ಡೆ ಇಟ್ಟು ಹೊರಟೆವು. ಆಲೂಗಡ್ಡೆ ಅಪ್ಪಚ್ಚಿಯಾಗಿದ್ದನ್ನು ನೋಡಿ ಪಕ್ಕದ ಮನೆಯವರು ಏನಂದುಕೊಂಡರೋ.

ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದೆ. ಫ್ಲ್ಯಾಗ್‌ಸ್ಟಾಫ್ 7,000 ಅಡಿ ಹತ್ತಿರ. ನಡುವೆ ಐ-17 ಹೆದ್ದಾರಿ ಹೆಚ್ಚಾಗಿ ಏರು. ಏರು ಶುರುವಾಗುವಲ್ಲಿ ಒಂದು ಬೋರ್ಡು: ಇಂಜಿನ್ ಕಾಯದಿರಲು ಏಸಿ ಆಫ್ ಮಾಡಿ. ಮಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಚಾರ್ಮಾಡಿ ಘಾಟಿಯಲ್ಲಿ ಸರ್ವೀಸು. ಬೋರ್ಡು ಬಂತು ಅಂತ ಮಗ ಹೇಳಿದ್ದೇ ತಡ, ಕೈ ಚಾಚಿ ತಾವೇ ಏಸಿ ಆರಿಸಿದರು. ಕಿಟಕಿ ಇಳಿಸಿದರೆ ಒಳಗೆ ಬಂದಿದ್ದು ಬೆಂಕಿ. ಹೊರಗೆ ಸಾಲಾಗಿ ಸಾಗ್ವಾರೊ ಕಳ್ಳಿಗಳು ಕೈ ಎತ್ತಿ ನಿಂತಿದ್ದವು. ಟ್ರಕ್ಕು ಉಸ್ಸಪ್ಪಾ ಅನ್ನುತ್ತಾ ಹತ್ತಿತು. "ಸೆಕೆಂಡ್ ಗೇರಿಗೆ ಹಾಕೋ" ಅಂತ ಮಾವ ಗದರುತ್ತಲೇ ಇದ್ದರು. ಅದು ಆಟೊಮ್ಯಾಟಿಕ್ ಗಾಡಿ.

ಸನ್‌ಸೆಟ್ ಪಾಯಿಂಟ್ ಅನ್ನೋ ವಿಶ್ರಾಂತಿ ತಾಣದಲ್ಲಿ ತಿಂಡಿಗೆ ನಿಲ್ಲಿಸಿದೆವು. ಟ್ರೈಲರ್ ಬಾಗಿಲು ತೆರೆದವಳು ಅಲ್ಲೇ ನಿಂತೆ. ದೋಸೆ ಹಿಟ್ಟು!

ಆಗಿದ್ದಿಷ್ಟು. ಓಡುವ ಗಾಡಿಯಲ್ಲಿ ಗ್ಯಾಸ್ ಹಾಕಿರಬಾರದು ಅಂತ ಯಜಮಾನರು ಸಿಲಿಂಡರ್ ಮುಚ್ಚಿದ್ದರು. ಫ್ರಿಜ್ ನಡೆಯುತ್ತಿದ್ದದ್ದು ಅದೇ ಗ್ಯಾಸಿನಲ್ಲಿ. ಅದರ ಬಾಗಿಲಿಗೆ ಚಿಲಕ ಹಾಕೋದು ಮಗರಾಯನ ಕೆಲಸ. ಅವನು ಫೋನಿನಲ್ಲಿದ್ದ. ಆ ಶೆಕೆಗೆ ಹಿಟ್ಟು ಮನಸ್ಸಿಗೆ ಬಂದಷ್ಟು ಉಕ್ಕಿ, ಮುಚ್ಚಳ ಹಾರಿಸಿ, ಬಾಗಿಲು ತಳ್ಳಿಕೊಂಡು ಬಂದುಬಿಟ್ಟಿತ್ತು. ಸಿಂಕಿನ ಕೆಳಗಿಂದ ಹೊರಟ ಬಿಳಿ ಧಾರೆ ಮಂಚದ ಕಾಲಿನ ತನಕ ಹೋಗಿ, ಮಾವನ ಚಪ್ಪಲಿ ತುಂಬಿ, ಅಲ್ಲೂ ಗುಳ್ಳೆ ಬಿಡುತ್ತಿತ್ತು. ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿದರು. ಬೈಗುಳ ಬರುತ್ತೆ ಅಂತ ಕಾದೆ. ಅವರು ಮೂಗರಳಿಸಿ, "ಹುಳಿ ಚೆನ್ನಾಗಿ ಬಂದಿದೆ ಕಣೇ" ಅಂದರು.

ಮಧ್ಯಾಹ್ನ ವಿಲಿಯಮ್ಸ್ ತಲುಪಿದೆವು. ರೂಟ್ 66 ಅನ್ನೋ ಹಳೇ ಹೆದ್ದಾರಿಯ ಊರು. ಹೊಸ ಹೆದ್ದಾರಿ ಬದಿಗೆ ಸರಿಸಿದ ಆ ದಾರಿಯ ಊರುಗಳಲ್ಲಿ ಇದೇ ಕೊನೆಯದು, 1984ರಲ್ಲಿ. ಕ್ಯಾನ್ಯನ್ ಅಲ್ಲಿಂದ ಇನ್ನೊಂದು ಗಂಟೆ ದಾರಿ. ಪೈನ್ ಮರಗಳ ಮಧ್ಯೆ ಕ್ಯಾಂಪ್‌ಗ್ರೌಂಡ್, ತಣ್ಣನೆ ಗಾಳಿ. ನಮಗೆ ಸಿಕ್ಕ ಜಾಗಕ್ಕೆ ಟ್ರೈಲರ್ ರಿವರ್ಸ್ ಹೋಗಬೇಕು.

ಇಂಥ ಕಡೆ ಸಂಜೆಯ ಮನರಂಜನೆ ಅಂದರೆ ಇದೇ. ಹೊಸಬರು ಬಂದರೆ ಸಾಕು, ಸುತ್ತಲಿನವರು ಮಡಚೋ ಕುರ್ಚಿ ತಿರುಗಿಸಿಕೊಂಡು ಕೂರುತ್ತಾರೆ. ಮಾವ ಹಿಂದೆ ನಿಂತು ಟ್ರೈಲರ್ ಬೆನ್ನು ಡಬ್ ಡಬ್ ಬಡಿದರು. "ಬರ್ಲಿ, ಬರ್ಲಿ, ಬರ್ಲಿ! ಬಲಕ್ಕೆ ಒಡಿ! ಫುಲ್ ಒಡಿ!" ಟ್ರೈಲರ್ ಎಡಕ್ಕೆ ಹೋಯಿತು. ಕೊಂಡಿ ಇರುವ ಗಾಡಿಯ ಲೆಕ್ಕವೇ ಉಲ್ಟಾ: ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಹಿಂದಿನದು ಎಡಕ್ಕೆ ಹೋಗುತ್ತೆ. ಬಸ್ಸಿಗೆ ಆ ಕಾಟವಿಲ್ಲ. "ಎಡಕ್ಕಲ್ವೋ ಲೋ, ಬಲಕ್ಕೆ!" "ಬಲಕ್ಕೇ ಒಡೀತಿದೀನಲ್ಲಪ್ಪಾ!" ಟ್ರಕ್ಕು, ಟ್ರೈಲರ್ ಎರಡೂ ಮಡಚಿದ ಮೊಣಕೈ ಹಾಗೆ ನಿಂತವು. ಆಗ ಕುರ್ಚಿಯಿಂದ ಒಬ್ಬ ಅಜ್ಜ ಎದ್ದು ಬಂದು, ಸ್ಟೀರಿಂಗಿನ ತಳಭಾಗ ಹಿಡಿ, ಟ್ರೈಲರ್ ಯಾವ ಕಡೆ ಹೋಗಬೇಕೋ ಕೈಯನ್ನೂ ಆ ಕಡೆಗೇ ಸರಿಸು ಅಂದರು. ಸರಾಗವಾಗಿ ಒಳಗೆ ಹೋಯಿತು. ಚಪ್ಪಾಳೆ ಬಿತ್ತು. ಮಾವ ಕೈ ಎತ್ತಿ ಸ್ವೀಕರಿಸಿದರು.

ರಾತ್ರಿ ಚಳಿ ಶುರುವಾಯಿತು. ಕಾಡ್ಗಿಚ್ಚಿನ ಭಯಕ್ಕೆ ಹೊರಗೆ ಬೆಂಕಿ ಹಾಕುವಂತಿಲ್ಲ. ಮಾವ ಮಂಕಿ ಕ್ಯಾಪ್ ಏರಿಸಿ ಹೀಟರ್ ಹಾಕಿದರು. ನಾನು ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನಕ್ಕಿಟ್ಟಿದ್ದೆ. ಮಗಳು ಮೈಕ್ರೊವೇವ್ ಒತ್ತಿದಳು. ಟಪ್! ಕತ್ತಲೆ. 30 ಆಂಪ್ ಲೈನು, ಮೂರನ್ನೂ ಎಲ್ಲಿ ತಡೆದೀತು? ಅರೆಬೆಂದ ಅನ್ನವನ್ನು ಪಾತ್ರೆಗೆ ಸುರಿದು ಗ್ಯಾಸಿನ ಮೇಲಿಟ್ಟರೆ, ಆ ಎತ್ತರದಲ್ಲಿ ನೀರು 93 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ; ಅಕ್ಕಿ ಅಷ್ಟು ಸುಲಭಕ್ಕೆ ಮೆತ್ತಗಾಗೋದಿಲ್ಲ. "ಇಲ್ಲಿ ಅಕ್ಕಿಯೇ ಸರಿಯಿಲ್ಲ" ಅಂತ ಅತ್ತೆ ತೀರ್ಪು ಕೊಟ್ಟರು. ಚಿತ್ರಾನ್ನವಾದರೂ ಮಾಡೋಣ ಅಂತ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ಹಾಕಿದ್ದು, ನೆತ್ತಿಯ ಮೇಲೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಹತ್ತು ಗಂಟೆ ಮೇಲೆ ಸದ್ದು ಮಾಡಬಾರದ ಜಾಗ. ಯಜಮಾನರು ಮಂಚ ಹತ್ತಿ ಟವೆಲ್ ಬೀಸುತ್ತಿದ್ದರು, ಮಗ ಕೆಮ್ಮುತ್ತಾ ವಿಡಿಯೊ ಮಾಡುತ್ತಿದ್ದ.

ಊಟವಾದ ಮೇಲೆ ಇನ್ನೊಂದು ಪಂಚಾಯಿತಿ. ಒಲೆಗೂ ಟಾಯ್ಲೆಟ್ಟಿಗೂ ನಡುವೆ ಒಂದು ತೆಳು ಹಲಗೆ. ಅತ್ತೆ ಸುತಾರಾಂ ಒಪ್ಪಲಿಲ್ಲ. ಮಾವ ಪರವಾಗಿಲ್ಲ ಅಂದರು. ಆಮೇಲೆ ಸುಮ್ನೆ ಕುತೂಹಲಕ್ಕೆ, "ಅಲ್ಲಾ, ಇದೆಲ್ಲಾ ಎಲ್ಲಿಗೆ ಹೋಗುತ್ತೋ?" ಅಂತ ಮಗನನ್ನು ಕೇಳಿದರು.

"ಕೆಳಗೆ ಟ್ಯಾಂಕ್ ಇದೆ ಅಪ್ಪಾ. ಹೊರಡುವಾಗ ಪೈಪ್ ಹಾಕಿ ಖಾಲಿ ಮಾಡಬೇಕು."

"ಯಾರು ಮಾಡೋದು?"

"ನಾವೇ."

ಮಾವ ಮಂಕಿ ಕ್ಯಾಪ್ ತೆಗೆದರು. ಮತ್ತೆ ಹಾಕಿಕೊಂಡರು. ಕ್ಯಾಂಪಿನ ಶೌಚಾಲಯ ಕಾಲು ಮೈಲಿ ದೂರ. ಎಷ್ಟು ಹೊತ್ತಿಗಾದರೂ ಸರಿ ಎಲ್ಲರೂ ಅಲ್ಲಿಗೇ ಹೋಗಬೇಕು ಅಂತ ಅಪ್ಪಣೆಯಾಯಿತು. ಟ್ರೈಲರಿನ ಟಾಯ್ಲೆಟ್ ಬಾಗಿಲಿಗೆ ಅಡ್ಡವಾಗಿ ನಮ್ಮೆಲ್ಲರ ಸೂಟ್‌ಕೇಸುಗಳನ್ನು ಒಂದರ ಮೇಲೊಂದು ಪೇರಿಸಿಟ್ಟವರು ನಮ್ಮೆಜಮಾನರು.