ಮಂಡಿ ಸವೆಯುತ್ತೆ ಅನ್ನೋರಿಗೆ

ಐವತ್ತು ದಾಟಿದ ಮೇಲೆ ಓಡಿದರೆ ಮಂಡಿ ಸವೆದುಹೋಗುತ್ತದೆ ಅಂತ ಮದುವೆ ಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಹೇಳುತ್ತಾರೆ. ಕೇಳಿ ಸಾಕಾಗಿದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆತ ಶೇ. 3.5 ಇತ್ತು. ಓಡದೆ ಕೂತವರಲ್ಲಿ ಶೇ. 10.2. ಸ್ಪರ್ಧೆಗೆ ಅಂತ ಓಡುವವರಲ್ಲಿ ಜಾಸ್ತಿ, ನಿಜ. ನಾವು ಕಬ್ಬನ್ ಪಾರ್ಕಿನಲ್ಲಿ ಮಾತಾಡಿಕೊಂಡು ಓಡುವ ಗೆಳೆಯರು, ಅಷ್ಟೇ. ಹಳೆ ಪೆಟ್ಟು ಇದ್ದವರು ಡಾಕ್ಟರನ್ನು ಕೇಳಲಿ, ಅದು ಬೇರೆ ಮಾತು.

ಮಂಡಿ ಸವೆಯುತ್ತೆ ಅನ್ನೋರ ಮಾತು ಕೇಳಿ ನಮ್ಮ ಗೆಳೆಯನೊಬ್ಬ ಬರುವುದನ್ನೇ ಬಿಟ್ಟ. ಅವನಿಗೆ ಸಕ್ಕರೆ ಕಾಯಿಲೆ. ಓಡುವಾಗ ಹತೋಟಿಯಲ್ಲಿತ್ತು, ಈಗ ಮಾತ್ರೆ ಜಾಸ್ತಿಯಾಗಿದೆ. ಸುಮ್ನೆ ಹೆದರಿಸಿದವರಲ್ಲಿ ಒಬ್ಬರೂ ಅವನನ್ನು ವಾಕಿಂಗಿಗಾದರೂ ಕರೆದಿಲ್ಲ.